ಜಂಟಿ ಖಾತೆಯಲ್ಲಿ ಮೊದಲ ಹೆಸರು ಯಾರದು?

ಗಂಡ-ಹೆಂಡತಿ ಸೇರಿ ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದರೆ ನಾವು ಮೊದಲು ಕೇಳುವುದು, "ಮೊದಲ ಹೆಸರು ಯಾರದು ಹಾಕಲಿ?" ಅಂತ. ನೂರಕ್ಕೆ ತೊಂಬತ್ತು ಮಂದಿ ಹೆಂಗಸರು ಮಾತಾಡದೆ ಗಂಡನ ಕಡೆ ನೋಡುತ್ತಾರೆ. ಗಂಡ "ನಂದೇ ಹಾಕಿ ಸಾರ್" ಅಂದುಬಿಡುತ್ತಾನೆ. ಅಷ್ಟೇ, ಮುಗಿಯಿತು. ಆಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು, ಹಾಕಬಹುದು. ಆದರೆ ಎಫ್.ಡಿ. ಬಡ್ಡಿ ಬಂದಾಗ ಟಿ.ಡಿ.ಎಸ್. ಕಟ್ಟಾಗುವುದು ಮೊದಲ ಹೆಸರಿನವರ ಪ್ಯಾನ್ ನಂಬರಿಗೆ. ಸರ್ಟಿಫಿಕೇಟ್ ಬರುವುದೂ ಅವರಿಗೇ. ದುಡಿದು ಕೂಡಿಟ್ಟವರು ಇಬ್ಬರು, ಲೆಕ್ಕಕ್ಕೆ ಸಿಕ್ಕವರು ಒಬ್ಬರು.

ಆಂಧ್ರಕ್ಕೆ ಬಂದು ಇಪ್ಪತ್ತಾರು ವರ್ಷ ಆಯಿತು. ಮೊದಲು ವಿಜಯವಾಡ, ಈಗ ವಿಶಾಖಪಟ್ಟಣ, ನಡುವೆ ಎರಡು ಸಣ್ಣ ಊರುಗಳ ವರ್ಗಾವಣೆ. ನಾನು ಓದಿದ್ದು ಬಿ.ಕಾಂ. ನೃತ್ಯದ ಬಗ್ಗೆ ಬರೆಯುವ ಅರ್ಹತೆ ನನಗೇನಿದೆ ಅಂತ ನೀವು ಕೇಳಿದರೆ ಉತ್ತರ ಇಲ್ಲ. ಆದರೆ ವಿಜಯವಾಡದಲ್ಲಿ ಇರುವವನು ಕೂಚಿಪೂಡಿ ನೋಡದೆ ಇರಲು ಸಾಧ್ಯವಿಲ್ಲ ಬಿಡಿ. ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಪಾಮರ್ರು ದಾಟಿ ಚಲ್ಲಪಲ್ಲಿ ದಾರಿ ಹಿಡಿದರೆ ಕೂಚಿಪೂಡಿ ಊರೇ ಸಿಗುತ್ತದೆ. 2016ರ ಡಿಸೆಂಬರಿನಲ್ಲಿ ವಿಜಯವಾಡದ ಇಂದಿರಾಗಾಂಧಿ ಸ್ಟೇಡಿಯಂನಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕುಣಿದು ಗಿನ್ನೆಸ್ ದಾಖಲೆ ಮಾಡಿದರು. (ಅಷ್ಟು ಜನ ಒಟ್ಟಿಗೆ ಕುಣಿದರೆ ಯಾರ ಅಭಿನಯ ಯಾರು ನೋಡುವುದು ಅನ್ನುವುದು ನನ್ನ ತಕರಾರು, ಅದು ಬೇರೆ ಮಾತು.)

ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು: ಗಂಡ-ಹೆಂಡತಿ ಇಬ್ಬರೂ ಕಲಾವಿದರಾದಾಗ, ಇಬ್ಬರೂ ಸೇರಿಯೇ ಒಂದು ಕಲೆಯನ್ನು ಕಟ್ಟಿದಾಗ, ನಾವು ಪ್ರೇಕ್ಷಕರು, ಸಂಘದವರು, ಪತ್ರಿಕೆಯವರು ಹೆಂಡತಿಯ ಪಾಲನ್ನು ಎಲ್ಲಿ ಬರೆದುಕೊಳ್ಳುತ್ತೇವೆ?

ಕೂಚಿಪೂಡಿಯ ಹಿನ್ನೆಲೆ ಒಂದಿಷ್ಟು ಹೇಳದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ನಮ್ಮ ಯಕ್ಷಗಾನದ ಹಾಗೆ ಇದೂ ಗಂಡಸರದೇ ಮೇಳ. ಆ ಊರಿನ ಬ್ರಾಹ್ಮಣ ಮನೆತನಗಳ ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದರು. ಸಿದ್ಧೇಂದ್ರಯೋಗಿಯ ಭಾಮಾಕಲಾಪದ ಸತ್ಯಭಾಮೆ ತೆರೆಯ ಮೇಲೆ ಜಡೆ ಹಾಕಿ ಸವಾಲು ಎಸೆಯುತ್ತಾಳಲ್ಲ, ಆ ಜಡೆ ಗಂಡಸಿನ ತಲೆಯದ್ದು. ವೇದಾಂತಂ ಸತ್ಯನಾರಾಯಣ ಶರ್ಮರ ಸತ್ಯಭಾಮೆಯನ್ನು ನೋಡಿದ ಹಿರಿಯರು ವಿಜಯವಾಡದ ನಮ್ಮ ಶಾಖೆಗೆ ಪೆನ್ಶನ್ ತೆಗೆದುಕೊಳ್ಳಲು ಬರುತ್ತಿದ್ದರು. ಅವರ ಬಾಯಲ್ಲಿ ಆ ವರ್ಣನೆ ಕೇಳಬೇಕು, ಕೌಂಟರ್ ಮುಂದೆ ಕ್ಯೂ ಬೆಳೆದರೂ ನಿಲ್ಲಿಸುವುದಿಲ್ಲ! ನಮ್ಮ ಕಡೆ ಹಳಬರು ಸ್ತ್ರೀವೇಷಧಾರಿಗಳನ್ನು ಹೊಗಳುವ ಹಾಗೆಯೇ. "ಹೆಣ್ಣಿಗಿಂತ ಹೆಣ್ಣು" ಅನ್ನುವ ಮಾತು ತೆಲುಗಿನಲ್ಲೂ ಕೇಳಿದ್ದೇನೆ. ಶರ್ಮರು 2012ರಲ್ಲಿ ತೀರಿಕೊಂಡರು. ಈ ಕಲೆಯನ್ನು ಮದರಾಸಿಗೆ ಕೊಂಡೊಯ್ದು ನೂರಾರು ಹೆಣ್ಣುಮಕ್ಕಳಿಗೆ ಕಲಿಸಿದ ವೆಂಪಟಿ ಚಿನಸತ್ಯಂ ಅವರೂ ಅದೇ ವರ್ಷ ಹೋದರು.

ಅಂಥ ಪರಂಪರೆಯಲ್ಲಿ ಒಬ್ಬ ಗಂಡ ಮತ್ತು ಒಬ್ಬಳು ಹೆಂಡತಿ ಒಟ್ಟಿಗೆ ವೇದಿಕೆಗೆ ಬಂದು, ಅವಳು ಹೆಣ್ಣಾಗಿಯೇ ಹೆಣ್ಣಿನ ಪಾತ್ರ ಮಾಡಿದ್ದು ಸಣ್ಣ ವಿಷಯವಲ್ಲ. ನಾನು ಹೇಳುತ್ತಿರುವುದು ರಾಜಾ ರೆಡ್ಡಿ-ರಾಧಾ ರೆಡ್ಡಿ ಅವರ ಬಗ್ಗೆ. ಇಬ್ಬರೂ ಆದಿಲಾಬಾದ್ ಕಡೆಯವರು, ಅಂದರೆ ಈಗಿನ ತೆಲಂಗಾಣ. ಕೂಚಿಪೂಡಿ ಊರಿನವರಲ್ಲ, ಆ ಮನೆತನಗಳವರೂ ಅಲ್ಲ. ಚಿಕ್ಕಂದಿನಲ್ಲೇ ಮದುವೆಯಾದ ಜೋಡಿ. ವಿಜಯವಾಡದಿಂದ ಅರವತ್ತು ಕಿಲೋಮೀಟರ್ ದೂರದ ಏಲೂರಿನಲ್ಲಿ ವೇದಾಂತಂ ಪ್ರಹ್ಲಾದ ಶರ್ಮರ ಬಳಿ ಕಲಿತರು. ಆಮೇಲೆ ದೆಹಲಿ. ಅಲ್ಲಿ ಅವರಿಗೆ ಕೊರಿಯಾಗ್ರಫಿ ಕಲಿಸಿದವರು ಯಾರು ಗೊತ್ತೇ? ನಮ್ಮ ಮಲ್ಲೇಶ್ವರದ ಮಾಯಾ ರಾವ್! ಈ ಸಂಗತಿ ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಹೊರನಾಡಿನಲ್ಲಿ ಇರುವವರಿಗೆ ಇಂಥದ್ದೊಂದು ನಂಟು ಸಿಕ್ಕರೆ ಊರಿನ ಬಸ್ ಕಂಡ ಹಾಗೆ ಆಗುತ್ತದೆ, ನಿಮಗೂ ಗೊತ್ತಲ್ಲ.

1976ರಲ್ಲಿ ದಂಪತಿ ದೆಹಲಿಯಲ್ಲಿ ನಾಟ್ಯ ತರಂಗಿಣಿ ಶಾಲೆ ಆರಂಭಿಸಿದರು. 1984ರಲ್ಲಿ ಪದ್ಮಶ್ರೀ, 1991ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2000ದಲ್ಲಿ ಪದ್ಮಭೂಷಣ. ಎಲ್ಲವೂ ಇಬ್ಬರಿಗೂ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಹಾರ ಹಾಕಿ ಕಳಿಸಿದ್ದಲ್ಲ. ದೇಶ-ವಿದೇಶದ ಜಾಹೀರಾತುಗಳಲ್ಲಿ ಎರಡು ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂದವು. ಈ ಒಂದು ವಿಷಯದಲ್ಲಿ ರಾಧಾ ರೆಡ್ಡಿ ಅವರ ಅದೃಷ್ಟ ದೊಡ್ಡದು ಅನ್ನೋಣವೇ? ನಾನು ಅದೃಷ್ಟ ಅನ್ನುವುದಿಲ್ಲ. ಅವರು ಆ ವೇದಿಕೆಯ ಮೇಲೆ ಮಾಡುವ ಕೆಲಸವೇ ಅಂಥದ್ದು, ಅದನ್ನು ಅಳಿಸಿ ಇನ್ನೊಂದನ್ನು ಉಳಿಸಲು ಆಗುವುದಿಲ್ಲ. ಶಿವ ತಾಂಡವಕ್ಕೆ ಎದ್ದು ನಿಂತಾಗ ಅದರ ಬಿರುಸು ನಮಗೆ ತಿಳಿಯುವುದು ಪಕ್ಕದಲ್ಲಿ ಪಾರ್ವತಿ ತಾಳ ಸಡಿಲಿಸದೆ ಮೆತ್ತಗೆ ನಿಂತಿರುವುದರಿಂದ. ಅವಳು ಅರ್ಧ ಮಾತ್ರೆ ಜಾರಿದರೂ ಇವನದು ಬರೀ ಅಬ್ಬರವಾಗುತ್ತದೆ. ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ನಿಂತು ತರಂಗಂ ಮಾಡುವಾಗ ಇಬ್ಬರ ತಟ್ಟೆಯೂ ಒಂದೇ ಸಮ ಜರುಗಬೇಕು. ಒಂದು ತಟ್ಟೆ ಹಿಂದೆ ಬಿದ್ದರೆ ಕೊನೆಯ ಸಾಲಿನಲ್ಲಿ ಕೂತ ನನ್ನಂಥವನಿಗೂ ಗೊತ್ತಾಗುತ್ತದೆ.

ಆದರೂ ನೋಡಿ, ಮಾತಿಗೆ ಕೂತರೆ ಜನ ಏನು ಹೇಳುತ್ತಾರೆ? "ರಾಜಾ ರೆಡ್ಡಿ, ಅಬ್ಬ, ಏನು ಶಿವ!" ಅನ್ನುತ್ತಾರೆ. ಆಮೇಲೆ ಒಂದು ಉಸಿರು ಬಿಟ್ಟು, "ಅವರ ಹೆಂಡತೀನೂ ಚೆನ್ನಾಗಿ ಮಾಡ್ತಾರೆ." ಈ "ಊ" ಇದೆಯಲ್ಲ, ಈ ದೀರ್ಘ, ನನ್ನ ಜಗಳ ಇದರ ಜೊತೆಗೆ.

ಇನ್ನೊಂದು ಹೆಸರನ್ನೂ ಇಲ್ಲಿ ಹೇಳಬೇಕು. ಆ ವೇದಿಕೆಯ ಬದಿಯಲ್ಲಿ ಕೂತು ನಟ್ಟುವಾಂಗ ಹಿಡಿಯುವವರು ಕೌಸಲ್ಯಾ ರೆಡ್ಡಿ, ರಾಧಾ ಅವರ ತಂಗಿ. ಆ ಮನೆಯ ವಿಷಯವನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ, ಅದರೊಳಗೆ ನಾನು ಹೋಗುವುದಿಲ್ಲ, ಅದು ನನ್ನ ವಿಷಯವಲ್ಲ. ನನ್ನ ವಿಷಯ ತಾಳ. ಇಡೀ ಕಾರ್ಯಕ್ರಮವನ್ನು ತಾಳದಲ್ಲಿ ಹಿಡಿದಿಡುವವರ ಕಡೆ ಲೈಟು ಬೀಳುವುದೇ ಇಲ್ಲ. ಯಾಮಿನಿ, ಭಾವನಾ ಎಂಬ ಇಬ್ಬರು ಹೆಣ್ಣುಮಕ್ಕಳೂ ನರ್ತಕಿಯರೇ ಆದರು. ಈ ಹುಡುಗಿಯರು ಮನೆಯಲ್ಲಿ ಕಲಿತದ್ದರಲ್ಲಿ ಆ ಬದಿಯ ತಾಳದ ಪಾಲು ಎಷ್ಟು ಅಂತ ಯಾವ ಪ್ರಶಸ್ತಿ ಪತ್ರದಲ್ಲೂ ಬರೆಯುವುದಿಲ್ಲ.

ಈಗ ನಮ್ಮ ಮನೆಗೆ ಬರೋಣ. ಪ್ರೊಫೆಸರ್ ಯು.ಎಸ್. ಕೃಷ್ಣರಾವ್ ಅಂದರೆ ಬೆಂಗಳೂರಿನ ಹಳಬರಿಗೆ ಗೊತ್ತು. ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯ. ಮರ್ಯಾದಸ್ಥರ ಮನೆಯ ಗಂಡಸು ಗೆಜ್ಜೆ ಕಟ್ಟುವುದೆಂದರೆ ಜನ ಬಾಯಿಗೆ ಕೈ ಹಿಡಿಯುತ್ತಿದ್ದ ಕಾಲದಲ್ಲಿ ಭರತನಾಟ್ಯ ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಕಟ್ಟಿದವರು, ಭರತನಾಟ್ಯದ ಪದಕೋಶ ಬರೆದವರು. ಇಷ್ಟೆಲ್ಲ ನನಗೆ ಸುಲಭವಾಗಿ ಸಿಕ್ಕಿತು. ಅವರ ಜೊತೆ ಜೀವನವಿಡೀ ಕುಣಿದ, ಜೊತೆಗೇ ಕಲಿಸಿದ ಪತ್ನಿ ಚಂದ್ರಭಾಗಾದೇವಿಯವರ ಬಗ್ಗೆ ಹುಡುಕಿದರೆ? ಕೃಷ್ಣರಾವ್ ಅವರ ಬಗ್ಗೆ ಬರೆದ ಪ್ಯಾರಾದ ಕೊನೆಯ ವಾಕ್ಯದಲ್ಲಿ ಸಿಗುತ್ತಾರೆ. "ಪತ್ನಿಯೊಂದಿಗೆ" ಎಂಬ ಒಂದೇ ಪದದೊಳಗೆ ಆ ಹೆಣ್ಣುಮಗಳ ಅಷ್ಟೂ ವರ್ಷದ ಗೆಜ್ಜೆ ಮುಗಿದುಹೋಗಿರುತ್ತದೆ. ಸಂಗೀತ ನಾಟಕ ಅಕಾಡೆಮಿಯವರು ಪ್ರಶಸ್ತಿ ಕೊಟ್ಟಾಗ ಇಬ್ಬರಿಗೂ ಸೇರಿಸಿ ಕೊಟ್ಟರು, ಅದು ಸರಿ. ಆದರೆ ಅಕಾಡೆಮಿಯ ಪಟ್ಟಿಯನ್ನು ಓದುವವರು ಎಷ್ಟು ಮಂದಿ?

ಇಲ್ಲಿ ಸೋನಲ್ ಮಾನ್‌ಸಿಂಗ್ ಅವರನ್ನು ಮೆಚ್ಚಬೇಕು. ಹದಿನೆಂಟರ ಆಸುಪಾಸಿನಲ್ಲಿ ಮನೆಯವರ ವಿರೋಧ ಕಟ್ಟಿಕೊಂಡು ಬೆಂಗಳೂರಿಗೆ ಕಲಿಯಲು ಬಂದ ಹುಡುಗಿ. ಮುಂದೆ 2003ರಲ್ಲಿ ಪದ್ಮವಿಭೂಷಣ ಪಡೆದವರು, ರಾಜ್ಯಸಭೆಗೆ ನಾಮಕರಣಗೊಂಡವರು. ಅವರ ಗುರುಪರಂಪರೆ ಎಲ್ಲಿ ಬಂದರೂ ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ಅಂತ ಎರಡೂ ಹೆಸರು ಇರುತ್ತವೆ. ಕಲಿತವರಿಗೆ ಗೊತ್ತಿರುತ್ತದೆ, ಯಾರು ಏನು ಕಲಿಸಿದರು ಅಂತ. ಮರೆಯುವವರು ನೋಡುವವರು, ಅಂದರೆ ನಾವು.

"ಅಯ್ಯೋ ಬಿಡ್ರೀ, ಗಂಡ-ಹೆಂಡತಿ ಅಂದಮೇಲೆ ಅವರದು-ಇವರದು ಅಂತ ಯಾಕೆ ಭಾಗ ಮಾಡ್ತೀರಿ? ಅವರಿಗಿಲ್ಲದ ತಕರಾರು ನಿಮಗ್ಯಾಕೆ?" ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಧನಂಜಯನ್-ಶಾಂತಾ ದಂಪತಿಯನ್ನು ಉದಾಹರಣೆ ಕೊಟ್ಟರು. (2017ರ ಐಪಿಎಲ್ ಸಮಯದಲ್ಲಿ ಗೋವಾ ಸುತ್ತುವ ಅಜ್ಜ-ಅಜ್ಜಿಯಾಗಿ ವೊಡಾಫೋನ್ ಜಾಹೀರಾತಿನಲ್ಲಿ ಬಂದರಲ್ಲ, ಅವರೇ. ನಮ್ಮ ಮನೆಯಲ್ಲಿ ಅವರನ್ನು ಗುರುತಿಸಿದ್ದು ನನ್ನ ಹೆಂಡತಿ.) ಇಬ್ಬರೂ ಕಲಾಕ್ಷೇತ್ರದಲ್ಲಿ ಕಲಿತವರು, 1968ರಲ್ಲಿ ಭರತ ಕಲಾಂಜಲಿ ಕಟ್ಟಿದವರು, 2009ರಲ್ಲಿ ಇಬ್ಬರಿಗೂ ಪದ್ಮಭೂಷಣ. "ಅವರನ್ನು ಬಿಡಿಸಿ ನೋಡೋಕಾಗುತ್ತಾ?" ಅಂದರು. ಆಗುವುದಿಲ್ಲ, ಒಪ್ಪಿದೆ. ಕುಣಿತವನ್ನು ಕತ್ತರಿಸಿ ಇದು ಇವಳದು, ಇದು ಇವನದು ಅಂತ ತಕ್ಕಡಿಗೆ ಹಾಕಿ ಅನ್ನುವುದು ನನ್ನ ವಾದವಲ್ಲ. ಬಿಡಿಸಲಾಗದ್ದು ಅಂತ ಒಪ್ಪಿಕೊಂಡವರೇ ಬರೆಯಲು ಕೂತಾಗ ಮಾತ್ರ ಲೀಲಾಜಾಲವಾಗಿ ಬಿಡಿಸಿ, ಒಬ್ಬರನ್ನು ಮೇಲಿನ ಸಾಲಿನಲ್ಲಿ ಇಡುತ್ತಾರಲ್ಲ, ಅದು ಹೇಗೆ?

ಮತ್ತೆ, ಇದು ಬರೀ ಗೌರವದ ಪ್ರಶ್ನೆ ಅಂದುಕೊಂಡಿದ್ದರೆ ಬ್ಯಾಂಕಿನವನ ಮಾತು ಸ್ವಲ್ಪ ಕೇಳಿ. ಕೆಲವು ವರ್ಷದ ಹಿಂದೆ ನಾನಿದ್ದ ಶಾಖೆಗೆ ಒಬ್ಬ ಹೆಂಗಸು ಸಾಲ ಕೇಳಿಕೊಂಡು ಬಂದರು. ಹೆಸರು, ಊರು ಬೇಡ. ನೃತ್ಯ ಕಲಿಸುವವರು. ಗಂಡ ಆ ಭಾಗದಲ್ಲಿ ಹೆಸರಾದ ಕಲಾವಿದರು, ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಇಬ್ಬರೂ ಸೇರಿ ಇಪ್ಪತ್ತೆರಡು ವರ್ಷ ಶಾಲೆ ನಡೆಸಿದ್ದರು. ಗಂಡ ಕಾರ್ಯಕ್ರಮಕ್ಕೆಂದು ಊರೂರು ತಿರುಗುತ್ತಿದ್ದರಿಂದ ದಿನನಿತ್ಯದ ಪಾಠ, ಮಕ್ಕಳ ಪರೀಕ್ಷೆ, ಹೊಸ ರೂಪಕಗಳ ಸಂಯೋಜನೆ ಬಹುಪಾಲು ಇವರದೇ. ಮಹಡಿಯ ಹಾಲ್ ರಿಪೇರಿ ಮಾಡಿಸಿ ಶಾಲೆ ಮುಂದುವರಿಸಲು ನಾಲ್ಕು ಲಕ್ಷ ಬೇಕಿತ್ತು.

ಕಾಗದಪತ್ರ ತನ್ನಿ ಅಂದೆವು. ತಂದರು. ಶಾಲೆಯ ನೋಂದಣಿ ಗಂಡನ ಹೆಸರಲ್ಲಿ. ಫೀಸ್ ರಸೀದಿಯಲ್ಲಿ ಗಂಡನ ಸಹಿ. ಖಾತೆ ಗಂಡನದು. ಇನ್‌ಕಂ ಟ್ಯಾಕ್ಸ್ ರಿಟರ್ನ್ ಇದ್ದರೆ ಅದೂ ಗಂಡನದು. ಪತ್ರಿಕೆಯ ಕತ್ತರಿಸಿದ ತುಣುಕುಗಳ ಒಂದು ದಪ್ಪ ಫೈಲ್ ತಂದಿದ್ದರು ಪಾಪ. ಎಲ್ಲದರಲ್ಲೂ ಗಂಡನ ಹೆಸರು, ಕೊನೆಯಲ್ಲಿ "ಮತ್ತು ತಂಡ". ಆ ತಂಡ ತಾನೇ ಅಂತ ಆಕೆ ನಗುತ್ತಲೇ ಹೇಳಿದರು. ನಮ್ಮ ಮುಂದಿನ ಮನುಷ್ಯೆ ಸತ್ಯ ಹೇಳುತ್ತಿದ್ದಾರೆ ಅಂತ ನನಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ಫೈಲಿಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ದುಡಿದವರು ಬ್ಯಾಂಕಿನ ಲೆಕ್ಕದಲ್ಲಿ ಅನುಭವವಿಲ್ಲದ ಹೊಸ ಉದ್ಯಮಿ! ಮೇಲಿನ ಕಚೇರಿಗೆ ಎರಡು ಸಲ ಬರೆದೆ, ಎರಡು ಸಲವೂ ಅದೇ ದಾಖಲೆ ಕೇಳಿ ಪತ್ರ ವಾಪಸ್ ಬಂತು. ಕೊನೆಗೆ ಆಕೆ ನಾಲ್ಕು ಬಳೆ, ಒಂದು ಸರ ಇಟ್ಟು ಗೋಲ್ಡ್ ಲೋನ್ ತೆಗೆದುಕೊಂಡರು. ಬೇಕಾದ್ದರ ಅರ್ಧವೂ ಆಗಲಿಲ್ಲ. ಹಾಲಿನ ಅರ್ಧ ಭಾಗಕ್ಕೆ ಮಾತ್ರ ಹೊಸ ಶೀಟ್ ಹಾಕಿಸಿದರು.

ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರೂ ಇದೇ ಪಾಡು. ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆ ಅನ್ನುವುದಕ್ಕೆ ದಾಖಲೆ ಕೊಡಿ ಅನ್ನುತ್ತಾರೆ. ಆಹ್ವಾನಪತ್ರಿಕೆ, ಪತ್ರಿಕಾ ವರದಿ, ಪ್ರಮಾಣಪತ್ರ. ಇವುಗಳನ್ನು ಬರೆಯುವವರು ಯಾರು? ನಮ್ಮಂಥ ಸಂಘಗಳು. "ಶ್ರೀಯುತರು ಮತ್ತು ಶ್ರೀಮತಿಯವರಿಂದ ನೃತ್ಯ" ಅಂತ ಅಚ್ಚು ಹಾಕಿಸುವಾಗ ನಾವು ಯಾರದೋ ಮುದಿಕಾಲದ ಕಾಗದವೊಂದನ್ನು ಹರಿದು ಬಿಸಾಡುತ್ತಿದ್ದೇವೆ ಅಂತ ನಮಗೆ ಹೊಳೆಯುವುದಿಲ್ಲ.

ನಾನು ಹೇಳುತ್ತಿರುವುದು ಗಂಡಸರೆಲ್ಲ ಕಳ್ಳರು ಅಂತ ಅಲ್ಲ. ಮಾಯಾ ರಾವ್ ಅವರದೇ ಉದಾಹರಣೆ ತಗೊಳ್ಳಿ. ಬೆಂಗಳೂರಿನಲ್ಲಿ ಸೋಹನ್‌ಲಾಲ್, ದೆಹಲಿಯಲ್ಲಿ ಶಂಭು ಮಹಾರಾಜರ ಬಳಿ ಕಥಕ್ ಕಲಿತು, ಸೋವಿಯತ್ ದೇಶಕ್ಕೆ ಹೋಗಿ ಕೊರಿಯಾಗ್ರಫಿ ಓದಿ ಬಂದು, 1964ರಲ್ಲಿ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಕಟ್ಟಿದರು. 1987ರಲ್ಲಿ ರಾಮಕೃಷ್ಣ ಹೆಗಡೆಯವರ ಕರೆಯ ಮೇಲೆ ಅದನ್ನು ಬೆಂಗಳೂರಿಗೆ ತಂದರು. 2014ರಲ್ಲಿ ತೀರಿಕೊಂಡರು. ಅಲ್ಲಿ ಪತಿ ನಟರಾಜ್ ಅವರೂ ಕಲೆಯವರೇ, ಮಗಳು ಮಧು ನಟರಾಜ್ ಕೂಡ ನೃತ್ಯದಲ್ಲೇ ಇದ್ದಾರೆ. ಆದರೆ ಆ ಮನೆಯಲ್ಲಿ ನಮಗೆ ತಕ್ಷಣ ನೆನಪಾಗುವುದು ಹೆಂಡತಿಯ ಹೆಸರು, ಗಂಡನದಲ್ಲ. ಹಾಗಾಗಿ ಇದು ಗಂಡು-ಹೆಣ್ಣಿನ ಪ್ರಶ್ನೆಯಷ್ಟೇ ಅಲ್ಲ, ಒಂದು ಮನೆಗೆ ಒಂದೇ ಹೆಸರು ಸಾಕು ಅನ್ನುವ ನಮ್ಮ ಸೋಮಾರಿತನದ ಪ್ರಶ್ನೆಯೂ ಹೌದು. ಹತ್ತರಲ್ಲಿ ಒಂಬತ್ತು ಸಲ ಆ ಸೋಮಾರಿತನಕ್ಕೆ ಬಲಿಯಾಗುವುದು ಹೆಂಗಸು, ಅಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಅಮಲಾ ಶಂಕರ್. ಜೆಸ್ಸೋರಿನ ನಂದಿ ಮನೆತನದ ಹುಡುಗಿ, ಹನ್ನೊಂದರ ವಯಸ್ಸಿನಲ್ಲಿ ಅಪ್ಪನ ಜೊತೆ 1931ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋದಾಗ ಉದಯಶಂಕರ್ ಕಣ್ಣಿಗೆ ಬಿದ್ದವಳು. 1942ರಲ್ಲಿ ಅವರ ಮದುವೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಪಡುಕೋಣೆ ಆಲ್ಮೋರಾದ ಉದಯಶಂಕರ್ ಕೇಂದ್ರದಲ್ಲಿ ಕಲಿಯಲು ಸೇರಿದ್ದೂ ಅದೇ ಕಾಲಕ್ಕೆ. 1948ರ 'ಕಲ್ಪನಾ' ಚಿತ್ರ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾಯಿತು. ಅದರಲ್ಲಿ ಅಮಲಾ ನಾಯಕಿ. ಚಿತ್ರ ಉದಯಶಂಕರರದ್ದು, ನಿಜ. ಅವರ ಮೊದಲಿನ ಜೊತೆಗಾತಿ, ಫ್ರಾನ್ಸಿನ ಸಿಮ್ಕಿಯನ್ನೂ ನಾವು ಮರೆತಿದ್ದೇವೆ. ಉದಯಶಂಕರ್ 1977ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಗಂಡ-ಹೆಂಡತಿ ದೂರವೇ ಇದ್ದರು. ಅಷ್ಟಾದರೂ ಅಮಲಾ ಕೋಲ್ಕತ್ತದಲ್ಲಿ ಗಂಡನ ಹೆಸರಿನ ಶಾಲೆಯನ್ನು 1965ರಿಂದ ಸುಮಾರು ಐವತ್ತು ವರ್ಷ ನಡೆಸಿದರು. ಉದಯಶಂಕರ್ ಶೈಲಿ ಅಂತ ಇವತ್ತು ಏನಾದರೂ ಉಳಿದಿದ್ದರೆ, ಅದು ಆ ಹೆಂಗಸು ದಿನಾ ಬೆಳಿಗ್ಗೆ ಎದ್ದು ಮಕ್ಕಳ ಕೈ ಹಿಡಿದು ತಿದ್ದಿದ್ದರಿಂದ. 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ 'ಕಲ್ಪನಾ' ಮತ್ತೆ ತೋರಿಸಿದಾಗ ತೊಂಬತ್ತು ದಾಟಿದ ಆ ಅಜ್ಜಿ ಅಲ್ಲಿಗೆ ಹೋಗಿದ್ದರು. 2020ರ ಜುಲೈನಲ್ಲಿ, ಕೊರೋನಾ ಮಧ್ಯೆ, 101ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾನು ನೋಡಿದ ಸುದ್ದಿಗಳಲ್ಲಿ ಹೆಚ್ಚಿನವು "ಉದಯಶಂಕರ್ ಪತ್ನಿ" ಅಂತಲೇ ಶುರುವಾಗಿದ್ದವು. ಐವತ್ತು ವರ್ಷದ ಪಾಠ ಎರಡನೆಯ ಪ್ಯಾರಾಕ್ಕೆ ಹೋಗಿತ್ತು.

ಅದೇ ವರ್ಷ ಏಪ್ರಿಲ್ ಒಂದಕ್ಕೆ ನಮ್ಮ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಇಲ್ಲಿನವರ ಆಂಧ್ರಾ ಬ್ಯಾಂಕ್ ಎರಡೂ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡ್ ಇಳಿಸುವ ದಿನ ಇಲ್ಲಿನ ತೆಲುಗು ಗೆಳೆಯರು ಎಷ್ಟು ಸಂಕಟಪಟ್ಟರು ಅಂತ ಕಣ್ಣಾರೆ ಕಂಡಿದ್ದೇನೆ. ಕರಾವಳಿಯವರಾದ ನಾವೂ ಪಟ್ಟೆವು. ಸಿಬ್ಬಂದಿ ಅವರೇ, ಗಿರಾಕಿಗಳು ಅವರೇ, ಸಂಬಳವೂ ನಿಲ್ಲಲಿಲ್ಲ. ಹೋದದ್ದು ಹೆಸರು ಮಾತ್ರ. ಆದರೂ ಕಣ್ಣಲ್ಲಿ ನೀರು ಬಂತು. ಒಂದು ಬ್ಯಾಂಕಿನ ಬೋರ್ಡಿಗೆ ಅಷ್ಟು ಸಂಕಟಪಡುವ ನಾವು ಮನುಷ್ಯರ ಹೆಸರು ವಿಲೀನವಾದರೆ "ಗಂಡ-ಹೆಂಡತಿ ತಾನೇ" ಅಂದುಬಿಡುತ್ತೇವಲ್ಲ!

ಇರಲಿ. ಹೊರನಾಡಿನ ಕನ್ನಡ ಸಂಘಗಳಲ್ಲಿ ಕೆಲಸ ಮಾಡುವವರಿಗೆ ನನ್ನದು ಎರಡೇ ಕೋರಿಕೆ. ಕಲಾವಿದ ದಂಪತಿಯನ್ನು ಕರೆಸಿದರೆ ಆಹ್ವಾನಪತ್ರಿಕೆಯಲ್ಲಿ ಎರಡು ಹೆಸರು ಎರಡು ಸಾಲಿನಲ್ಲಿ ಬರೆಯಿರಿ, ಯಾರು ನರ್ತನ, ಯಾರು ಸಂಯೋಜನೆ, ಯಾರು ನಟ್ಟುವಾಂಗ ಅಂತಲೂ ಹಾಕಿ, ಅವರನ್ನೇ ಕೇಳಿ ಹಾಕಿ. ಸಂಭಾವನೆಯ ಚೆಕ್ ಇಬ್ಬರಿಗೂ ಬೇರೆ ಬೇರೆ ಬರೆಯಿರಿ. ನಮ್ಮ ಊರಿನ ಕಾರ್ಯಕ್ರಮವೊಂದರಲ್ಲಿ ಹೀಗೆ ಮಾಡಿಸಿದೆ. ಖಜಾಂಚಿ ಗೊಣಗಿದರು, ಎರಡು ಚೆಕ್ ಹಾಳೆ ಖರ್ಚಾಯಿತು ಅಂತ. ಚೆಕ್ ತೆಗೆದುಕೊಂಡ ಆ ಹೆಂಗಸು ಮಾತ್ರ, ತಮ್ಮ ಹೆಸರಿಗೆ ಕಾರ್ಯಕ್ರಮದ ಚೆಕ್ ಬಂದದ್ದು ಇದೇ ಮೊದಲು, ಹಾಕಲು ಖಾತೆ ಇಲ್ಲ ಅಂದರು. ಮರುದಿನ ಶಾಖೆಗೆ ಬರಲು ಹೇಳಿ ಸೇವಿಂಗ್ಸ್ ಖಾತೆ ತೆರೆಸಿಕೊಟ್ಟೆ.

ಇನ್ನು ನಿಮ್ಮಲ್ಲಿ ಹಿರಿಯರು ಯಾರಾದರೂ ಬೆಂಗಳೂರಿನಲ್ಲಿ ಚಂದ್ರಭಾಗಾದೇವಿಯವರ ನೃತ್ಯ ನೋಡಿದ್ದರೆ, ನಿಮ್ಮ ಅಮ್ಮನೋ ಅತ್ತೆಯೋ ಅವರ ಹತ್ತಿರ ಕಲಿತಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಕೃಷ್ಣರಾವ್ ಅವರ ಬಗ್ಗೆ ಬೇಡ, ಅದು ಸಿಗುತ್ತದೆ. ಅವರ ಬಗ್ಗೆ ಬೇಕು. ಹೇಗೆ ಕಲಿಸುತ್ತಿದ್ದರು, ತಪ್ಪಿದರೆ ಬೈಯುತ್ತಿದ್ದರೇ, ಯಾವ ಪದಕ್ಕೆ ಅಭಿನಯ ಮಾಡಿದಾಗ ಸಭೆ ಸುಮ್ಮನಾಗುತ್ತಿತ್ತು, ಏನು ನೆನಪಿದ್ದರೂ ಸರಿ.